ಬದುಕಿ ಬಂದವರ ಬೇನೆ

ವಿದ್ಯೆ ಬೆಳೆದಂತೆ ಅದರ ಹೊಣೆಯೂ ಬೆಳೆಯುವುದು. ವೈದ್ಯಶಾಸ್ತ್ರದಲ್ಲಿ ಈ ಮಾತಿಗೆ ನಿದರ್ಶನಗಳು ಹಲವು. ಅವುಗಳಲ್ಲಿ ಜನಸಾಮಾನ್ಯರ ಕಿವಿಗೆ ಅಷ್ಟಾಗಿ ಬೀಳದ ಒಂದನ್ನು ಈ ಸಲ ನಮ್ಮ ವಾಚಕರ ಮುಂದಿಡಬಯಸುತ್ತೇವೆ.

1952ರಲ್ಲಿ ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹಬ್ಬಿತು. ಉಸಿರಾಡುವ ಅಥವಾ ನುಂಗುವ ಸ್ನಾಯುಗಳು ಸೋತು ಆಸ್ಪತ್ರೆ ಸೇರಿದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು, ರೋಗಿಯ ಶ್ವಾಸನಾಳಕ್ಕೆ ಕೊಳವೆಯನ್ನಿರಿಸಿ, ರಬ್ಬರಿನ ಚೀಲವೊಂದನ್ನು ಕೈಯಿಂದ ಅದುಮುತ್ತ ಗಾಳಿಯೂಡುವ ಕ್ರಮವನ್ನು ಬಳಕೆಗೆ ತಂದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ರೋಗಿಗಳ ತಲೆದೆಸೆಯಲ್ಲಿ ಕುಳಿತು ಆ ಚೀಲಗಳನ್ನು ಅದುಮಿದರು. ಸಾವಿನ ಪ್ರಮಾಣ ಬಹಳ ಮಟ್ಟಿಗೆ ಇಳಿಯಿತು. ಮರುವರ್ಷ ಇಬ್ಸೆನ್ನರು ಅದೇ ನಗರದಲ್ಲಿ ತೆರೆದ ವಿಶೇಷ ವಾರ್ಡೇ ಇಂದು ನಾವು ಕಾಣುವ ತೀವ್ರ ನಿಗಾ ಘಟಕಗಳ ಮೂಲರೂಪ.

ಅಂದಿನಿಂದ ಇಂದಿನವರೆಗೆ ಈ ಘಟಕಗಳು ಎಷ್ಟೋ ಜೀವಗಳನ್ನು ಸಾವಿನ ಬಾಯಿಂದ ಹಿಂದಕ್ಕೆ ತಂದಿವೆ. ಆದರೆ ಹಿಂದೆ ಉಳಿಯುವ ಸಂಭವವೇ ಇರದಿದ್ದವರು ಉಳಿಯತೊಡಗಿದಾಗ, ಹಿಂದೆ ಯಾರೂ ಕಾಣದಿದ್ದ ರೋಗವೊಂದು ತಲೆದೋರಿತು. 2001ರಲ್ಲಿ ಜರ್ಮನಿಯ ವೈದ್ಯರು ಅದನ್ನು ಮೊದಲ ಬಾರಿಗೆ ವರ್ಣಿಸಿದರು. ರಕ್ತನಂಜಿನಿಂದಲೋ ಭಾರಿ ಗಾಯಗಳಿಂದಲೋ ಸಾಯುವ ಸ್ಥಿತಿಯಲ್ಲಿದ್ದು ಚೇತರಿಸಿಕೊಂಡ ಕೆಲವರಲ್ಲಿ, ಮೊದಲು ಯಕೃತ್ತಿನ ಯಾವ ತೊಂದರೆಯೂ ಇಲ್ಲದಿದ್ದರೂ, ಪಿತ್ತನಾಳಗಳು ಕಲೆಗಟ್ಟಿ ಕಿರಿದಾಗುತ್ತ ಹೋಗುವುವು. ಇದಕ್ಕೆ ಸೆಕೆಂಡರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಎಂದು ಹೆಸರು. ಕನ್ನಡದಲ್ಲಿ ಪಿತ್ತನಾಳದ ಕಾಠಿಣ್ಯವೆನ್ನಬಹುದು.

ಇದು ಸಂಭವಿಸುವ ಬಗೆಯನ್ನು ತಿಳಿಯಲು ಯಕೃತ್ತಿನ ರಕ್ತಪೂರೈಕೆಯನ್ನು ನೆನೆಯಬೇಕು. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯ ಮೂಲಕವೂ, ಉಳಿದ ಕಾಲು ಪಾಲು ಯಕೃತ್ತಿನ ಧಮನಿಯ ಮೂಲಕವೂ ಬರುವುದು. ಯಕೃತ್ತಿನ ಜೀವಕೋಶಗಳಿಗೆ ಈ ಎರಡರ ಆಸರೆಯೂ ಉಂಟು. ಆದರೆ ಯಕೃತ್ತಿನೊಳಗೆ ಪಿತ್ತವನ್ನು ಸಾಗಿಸುವ ನಾಳಗಳು ಧಮನಿಯೊಂದನ್ನೇ ನಂಬಿ ಬದುಕುವುವು. ಎರಡು ಕಾಲುವೆಗಳ ನೀರುಣ್ಣುವ ಗದ್ದೆ, ಒಂದು ಬತ್ತಿದರೂ ಹೇಗೋ ತಾಳಿಕೊಳ್ಳುವುದು. ಒಂದೇ ಕಾಲುವೆಯ ಕೊನೆಯಂಚಿನ ಗದ್ದೆಯ ಪಾಡು ಹಾಗಲ್ಲ. ತೂಬಿನಲ್ಲಿ ನೀರು ತಗ್ಗಿದೊಡನೆ ಮೊದಲು ಒಣಗುವುದು ಅದೇ.

ತೀವ್ರ ಅಸ್ವಸ್ಥತೆಯಲ್ಲಿ ರಕ್ತದೊತ್ತಡ ಕುಸಿದಾಗ ಇಂಥ ಬರ ಒದಗುವುದು. ಮಿದುಳು, ಹೃದಯಗಳನ್ನು ಉಳಿಸಲು ಕೊಡುವ ಔಷಧಗಳು ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುವುವು. ಅದೇ ಬಿಗಿತದಿಂದ ಅಂಚಿನ ಸಣ್ಣ ನಾಳಗಳಿಗೆ ಬರುವ ರಕ್ತ ಇನ್ನೂ ಕಡಮೆಯಾಗಬಹುದು. ಆಮ್ಲಜನಕ ಸಾಲದೆ ಪಿತ್ತನಾಳದ ಒಳಪದರ ಸಾಯುವುದು. ಪಿತ್ತವು ಸಾಬೂನಿನಂತೆ ಕೊಬ್ಬನ್ನು ಕರಗಿಸುವ ದ್ರವ. ಆರೋಗ್ಯವಿರುವಾಗ ಬೈಕಾರ್ಬೊನೇಟಿನ ತೆಳುಪೊರೆಯೊಂದು ನಾಳವನ್ನು ಅದರಿಂದ ಕಾಯುವುದು. ಆ ಪೊರೆ ಹೋದ ಮೇಲೆ ತಾನು ಹೊರುವ ಪಿತ್ತವೇ ನಾಳಕ್ಕೆ ಶತ್ರುವಾಗುವುದು. ಉದುರಿದ ಕೋಶಗಳೂ ಗಟ್ಟಿಗೊಂಡ ಪಿತ್ತವೂ ಸೇರಿ ನಾಳದ ಆಕಾರದಲ್ಲೇ ಎರಕ ಹೊಯ್ದಂತೆ ಗಡುಸಾದ ಕಡ್ಡಿಗಳಾಗುವುವು. ಅಲ್ಲಿ ಸೋಂಕು ಬೇರೂರುವುದು. ಬಳಿಕ ನಾಳ ಮುಚ್ಚಿಹೋಗುವುದು.

2020ರಿಂದ ಈಚೆಗೆ ಈ ವಿಷಯ ಹೆಚ್ಚು ಗಮನ ಸೆಳೆದಿದೆ. ಕೋವಿಡ್ ರೋಗದಿಂದ ವಾರಗಟ್ಟಲೆ ವೆಂಟಿಲೇಟರಿನಲ್ಲಿದ್ದು ಬದುಕಿ ಬಂದ ಕೆಲವರಲ್ಲಿಯೂ ಇಂಥದೇ ಬೇನೆ ಕಂಡುಬಂದುದನ್ನು 2021ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಆ ಪಿಡುಗಿನಲ್ಲಿ ನಮ್ಮ ನಾಡಿನಲ್ಲಿಯೂ ಅಸಂಖ್ಯ ಮಂದಿ ತೀವ್ರ ನಿಗಾ ಘಟಕಗಳನ್ನು ಸೇರಿದ್ದರೆಂಬುದನ್ನು ವಾಚಕರು ಮರೆತಿರಲಾರರು.

ಈಗ ನಮ್ಮ ಅಭಿಪ್ರಾಯಕ್ಕೆ ಬರೋಣ. ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ ದಿನವೇ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದು ತಪ್ಪು. ಈ ಬೇನೆಗೆ ಅವಸರವಿಲ್ಲ. ಮನೆಯವರು ಹರಕೆ ತೀರಿಸಿ ನೆಮ್ಮದಿಯಾಗಿರುವಾಗ ಅದು ಒಳಗೊಳಗೇ ಬೆಳೆಯುತ್ತಿರಬಹುದು. ಕಣ್ಣು ಹಳದಿಯಾಗುವುದಕ್ಕೆ ಮೊದಲೇ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಮತ್ತು ಗಾಮಾ ಜಿ.ಟಿ. ಎಂಬ ಕಿಣ್ವಗಳು ಏರಿರುವುದುಂಟು. ಇವನ್ನು ಅಳೆಯಲು ದೊಡ್ಡ ಯಂತ್ರಾಗಾರ ಬೇಕಿಲ್ಲ. ಸಾಮಾನ್ಯ ರಕ್ತಪರೀಕ್ಷೆಯೇ ಸಾಕು. ಬಹುಕಾಲ ವೆಂಟಿಲೇಟರಿನಲ್ಲಿದ್ದು ಬಂದವರಿಗೆ ಕೆಲವು ತಿಂಗಳವರೆಗೆ ಈ ಪರೀಕ್ಷೆಯನ್ನು ಮಾಡಿಸಬೇಕೆಂದು ಬಿಡುಗಡೆಯ ಚೀಟಿಯಲ್ಲೇ ಬರೆದುಕೊಡುವುದು ವಾಡಿಕೆಯಾಗಬೇಕು.

ಇದಕ್ಕೆ ಆಕ್ಷೇಪಗಳಿರುವುದು ಸಹಜ. ಬೇನೆ ವಿರಳವಾದುದು, ಕಿಣ್ವಗಳು ಬೇರೆ ಹತ್ತು ಕಾರಣಗಳಿಂದಲೂ ಏರುವುವು, ರೋಗವನ್ನು ತಡೆದು ನಿಲ್ಲಿಸುವುದೆಂದು ಸಿದ್ಧಪಟ್ಟ ಔಷಧವೂ ಇಲ್ಲ. ಹಾಗಿರುವಾಗ ತಿಳಿದು ಮಾಡುವುದೇನು? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಬೇಗ ತಿಳಿದರೆ ಸೋಂಕಿಗೆ ತಕ್ಕ ಔಷಧವನ್ನು ಕಾಲಕ್ಕೆ ಸರಿಯಾಗಿ ಕೊಡಬಹುದು. ಎಂಡೊಸ್ಕೋಪಿನ ಮೂಲಕ ಕಡ್ಡಿಗಳನ್ನು ಹೊರತೆಗೆದು, ಕಿರಿದಾದ ನಾಳವನ್ನು ಹಿಗ್ಗಿಸಬಹುದು. ರೋಗ ಮಿತಿಮೀರಿದರೆ ಯಕೃತ್ತನ್ನೇ ಬದಲಿಸುವ ಶಸ್ತ್ರಕ್ರಿಯೆಯೊಂದೇ ಉಳಿಯುವ ದಾರಿ. ಅದಕ್ಕೆ ಸಿದ್ಧತೆ ನಡೆಸಲು ಕಾಲಾವಕಾಶ ಬೇಕು. ತಡವಾಗಿ ತಿಳಿದವನಿಗೆ ಆ ಅವಕಾಶವೂ ಇಲ್ಲ.

ಇನ್ನೊಂದು ಮಾತು. ಕಾಮಾಲೆ ಕಂಡೊಡನೆ ನಾಟಿ ಔಷಧಿಯನ್ನು ಅರಸಿ ಹೊರಡುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ವೈರಸ್ಸಿನಿಂದ ಬಂದ ಎಷ್ಟೋ ಕಾಮಾಲೆಗಳು ತಾವಾಗಿಯೇ ಇಳಿಯುವುದರಿಂದ ಆ ಔಷಧಿಗೆ ಕೀರ್ತಿ ಬರುವುದು. ಆದರೆ ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಒಂದು ಗುರುತು. ತೀವ್ರ ನಿಗಾ ಘಟಕದಿಂದ ಮರಳಿದವರಿಗೆ ಬಿಡದ ತುರಿಕೆ, ಚಳಿಜ್ವರ, ಹಳದಿ ಕಣ್ಣು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಿಂದಿನ ಕಾಯಿಲೆಯ ವೃತ್ತಾಂತವನ್ನೂ ತಪ್ಪದೆ ತಿಳಿಸಬೇಕು.

ತೀವ್ರ ಚಿಕಿತ್ಸೆಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆ ಚಿಕಿತ್ಸೆ ಇಲ್ಲದಿದ್ದರೆ ಈ ರೋಗಿಗಳೇ ಇರುತ್ತಿರಲಿಲ್ಲ. ಪ್ರಾಣವನ್ನು ಉಳಿಸಿದ ವಿಜ್ಞಾನ, ಉಳಿದ ಪ್ರಾಣದ ಯೋಗಕ್ಷೇಮವನ್ನೂ ವಿಚಾರಿಸಲಿ ಎಂಬುದಷ್ಟೇ ನಮ್ಮ ಕೋರಿಕೆ. ಕೋಪನ್‌ಹೇಗನ್ನಿನಲ್ಲಿ ಚೀಲ ಅದುಮಿದ ಕೈಗಳು ವಿದ್ಯಾರ್ಥಿಗಳ ಕೈಗಳು. ನಮ್ಮ ತರುಣ ವಾಚಕರಲ್ಲಿ ಕೆಲವರಾದರೂ ನಾಳೆ ವೈದ್ಯರಾಗುವರು. ಮನೆಗೆ ಹೊರಟ ರೋಗಿಯನ್ನು ಬಾಗಿಲವರೆಗೆ ಕಳುಹಿಸಿ ಹಿಂದಿರುಗದೆ, ಆರು ತಿಂಗಳ ಮೇಲೆ ಅವನು ಹೇಗಿರುವನೆಂದು ಕೇಳುವ ಪದ್ಧತಿಯನ್ನು ಅವರು ನೆಲೆಗೊಳಿಸಲಿ.