ಪರಂಗಿ ಹಾಲು, ಮೊಲದ ಕಿವಿ, ಅಜ್ಜನ ಬೆನ್ನು

ಮಕ್ಕಳೇ, ಪರಂಗಿ ಕಾಯಿಗೆ ಗೀರು ಬಿದ್ದರೆ ಬೆಳ್ಳಗಿನ ಹಾಲು ಒಸರುತ್ತದಲ್ಲ? ಮಾಂಸದಡುಗೆ ಮಾಡುವ ಮನೆಗಳಲ್ಲಿ, ಬಲಿತ ಮಾಂಸ ಬೇಗ ಬೇಯಲೆಂದು ಪರಂಗಿ ಕಾಯಿಯ ತುಂಡು ಹಾಕುವುದುಂಟು. ಆ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸಿ ಮೆತ್ತಗೆ ಮಾಡುತ್ತದೆ.

ಅಮೆರಿಕದ ವೈದ್ಯ ಲೂಯಿಸ್ ಥಾಮಸ್ ಇದೇ ಪಪೈನನ್ನು ಮೊಲಗಳ ರಕ್ತನಾಳಕ್ಕೆ ಚುಚ್ಚಿ ನೋಡಿದರು. ನೆಟ್ಟಗೆ ನಿಂತಿದ್ದ ಕಿವಿಗಳು ಒಂದೇ ದಿನದೊಳಗೆ ನಾಯಿಮರಿಯ ಕಿವಿಗಳಂತೆ ಜೋತುಬಿದ್ದವು! ಕಿವಿಯನ್ನು ನಿಲ್ಲಿಸುವ ಮೃದ್ವಸ್ಥಿ ಮೆತ್ತಗಾಗಿತ್ತು. ಗಾಬರಿ ಬೇಡ, ಕೆಲವು ದಿನಗಳಲ್ಲಿ ಅವು ಮತ್ತೆ ನಿಮಿರಿದವು. 1956ರಲ್ಲಿ ಥಾಮಸ್ ಇದನ್ನು ಬರೆದು ಪ್ರಕಟಿಸಿದರು.

ಇದಕ್ಕೂ ಅಜ್ಜನ ಬೆನ್ನಿಗೂ ಏನು ನಂಟು? ಬೆನ್ನಿನ ಮಣಿಮೂಳೆಗಳ ನಡುವೆ 23 ಮೆತ್ತೆಗಳಿವೆ; ಅವೇ ಡಿಸ್ಕ್‌ಗಳು. ಹೊರಗೆ ಗಟ್ಟಿ ಉಂಗುರ, ಒಳಗೆ ಲೋಳೆಯಂಥ ತಿರುಳು. ಹೋಳಿಗೆಯ ಕಣಕ ಹರಿದು ಹೂರಣ ಹೊರಗೆ ಬರುವಂತೆ, ಉಂಗುರ ಬಿರಿದರೆ ತಿರುಳು ಹೊರಚಾಚಿ ನರವನ್ನು ಒತ್ತುತ್ತದೆ. ಆಗ ಸೊಂಟದಿಂದ ಕಾಲಿನವರೆಗೆ ಮಿಂಚು ಹೊಡೆದಂಥ ನೋವು. 'ಡಿಸ್ಕ್ ಜಾರಿದೆ' ಎನ್ನುತ್ತೇವೆ. ನಿಜಕ್ಕೂ ಅದು ಜಾರುವುದೇ ಇಲ್ಲ.

ಕಿವಿಯನ್ನು ಬಾಗಿಸಿದ್ದು ಈ ತಿರುಳನ್ನೂ ಕರಗಿಸಬಹುದಲ್ಲ ಎಂದು ಹೊಳೆದದ್ದು ಅಮೆರಿಕದ ಮೂಳೆ ವೈದ್ಯ ಲೈಮನ್ ಸ್ಮಿತ್‌ರಿಗೆ. ಪರಂಗಿ ಹಾಲಿನಲ್ಲೇ ಇರುವ ಕೈಮೋಪಪೈನ್ ಎಂಬ ಇನ್ನೊಂದು ಕಿಣ್ವವನ್ನು ಅವರು ರೋಗಿಗಳ ಡಿಸ್ಕ್‌ಗೆ ಚುಚ್ಚಿ, 1964ರಲ್ಲಿ ವರದಿ ಮಾಡಿದರು. ಬೆನ್ನು ಕೊಯ್ಯದೆ, ಬರೀ ಸೂಜಿಯಿಂದ ಚಿಕಿತ್ಸೆ! 1982ರಲ್ಲಿ ಅಮೆರಿಕ ಸರ್ಕಾರವೂ ಒಪ್ಪಿಗೆ ಕೊಟ್ಟಿತು. ಆದರೆ ಕೆಲವರಿಗೆ ಜೀವಕ್ಕೇ ಕುತ್ತು ತರುವಂಥ ಅಲರ್ಜಿಯಾಯಿತು, ಅಪರೂಪಕ್ಕೆ ಬೆನ್ನುಹುರಿಗೂ ಪೆಟ್ಟಾಯಿತು. 2003ರಲ್ಲಿ ಅಲ್ಲಿ ಅದರ ಮಾರಾಟವೇ ನಿಂತಿತು.

ಸಣ್ಣ ದಾರಿಯಲ್ಲಿ ಹೋಗಿ ಗುಣಪಡಿಸುವ ಯೋಚನೆ ಮಾತ್ರ ಉಳಿಯಿತು. ಈಗ ಬೆರಳಿಗಿಂತ ಸಪೂರವಾದ, ಕ್ಯಾಮೆರಾ ಇರುವ ಕೊಳವೆಯನ್ನು ಒಳಗೆ ತೂರಿಸಿ, ನರ ಒತ್ತುವ ಚೂರನ್ನಷ್ಟೇ ಎತ್ತುತ್ತಾರೆ. ಗಾಯ ಒಂದು ಸೆಂಟಿಮೀಟರಿನಷ್ಟು. ಎಷ್ಟೋ ಜನ ಅಂದೋ ಮಾರನೆಯ ದಿನವೋ ಮನೆಗೆ ಬರುತ್ತಾರೆ. ಹಾಗಂತ ಎಲ್ಲರಿಗೂ ಇದು ಬೇಕಿಲ್ಲ. ಹೆಚ್ಚಿನವರ ನೋವು ಔಷಧಿ, ನಡಿಗೆ, ವ್ಯಾಯಾಮದಿಂದ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಅಂದಹಾಗೆ, ಪರಂಗಿ ಹಾಲನ್ನು ಸೊಂಟಕ್ಕೆ ಹಚ್ಚಲು ಹೊರಡಬೇಡಿ. ಚರ್ಮ ಉರಿದೀತೇ ಹೊರತು ಡಿಸ್ಕ್‌ಗೆ ಅದು ಮುಟ್ಟುವುದಿಲ್ಲ. ಅಜ್ಜ-ಅಜ್ಜಿಯರೇ, ಕಾಲಿನ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಸಂಕೋಚದಿಂದ ಮುಚ್ಚಿಡಬೇಡಿ. ಮೊಮ್ಮಕ್ಕಳಿಗಾದರೂ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ.