ಚಪ್ಪಾಳೆಯ ಲೆಕ್ಕ, ಮತದ ಲೆಕ್ಕ

2025ರ ಸೆಪ್ಟೆಂಬರ್ 26ರಂದು ಇಸ್ರೇಲ್ ಪ್ರಧಾನಿ ಬೆಂಜಮಿನ್ ನೆತನ್ಯಾಹು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ವೇದಿಕೆ ಏರುತ್ತಿದ್ದಂತೆ ಡಜನ್‌ಗಟ್ಟಲೆ ದೇಶಗಳ ಪ್ರತಿನಿಧಿಗಳು ಎದ್ದು ಬಾಗಿಲತ್ತ ಹೊರಟರು. ಗ್ಯಾಲರಿಯಲ್ಲಿದ್ದ ಬೆಂಬಲಿಗರು ನಿಂತು ಚಪ್ಪಾಳೆ ತಟ್ಟಿದರು, ಕೆಳಗಿನಿಂದ ಕೂಗು ಕೇಳಿಬಂತು, ಸಭೆ ನಡೆಸುತ್ತಿದ್ದವರು ಶಾಂತಿ ಕಾಪಾಡಿ ಎಂದು ಕೇಳಿಕೊಳ್ಳಬೇಕಾಯಿತು. ಹೊರಗೆ ನ್ಯೂಯಾರ್ಕಿನ ಬೀದಿಗಳಲ್ಲಿ ಸಾವಿರಾರು ಜನ ಪ್ರತಿಭಟನೆಗೆ ಇಳಿದಿದ್ದರು. ಅತ್ತ ಗಾಜಾ ಗಡಿಯಲ್ಲಿ ಧ್ವನಿವರ್ಧಕ ಕಟ್ಟಿ ಅದೇ ಭಾಷಣವನ್ನು ಬಿತ್ತರಿಸಲಾಯಿತು. ಟಿ.ವಿ. ವಾಹಿನಿಗಳಿಗೆ ದಿನವಿಡೀ ಹಾಕಲು ಒಂದೇ ದೃಶ್ಯ ಸಾಕಾಯಿತು: ಸಾಲು ಸಾಲು ಖಾಲಿ ಕುರ್ಚಿ.

ಅದಕ್ಕೆ ಎರಡು ವಾರ ಮೊದಲು, ಸೆಪ್ಟೆಂಬರ್ 12ರಂದು, ಅದೇ ಸಭಾಂಗಣದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಎರಡೂ ಸ್ವತಂತ್ರ ದೇಶಗಳಾಗಿ ಇರಬೇಕು ಎಂಬ ‘ನ್ಯೂಯಾರ್ಕ್ ಘೋಷಣೆ’ಯನ್ನು ಫ್ರಾನ್ಸ್ ಮತ್ತು ಸೌದಿ ಅರೇಬಿಯಾ ಮುಂದಾಳತ್ವದಲ್ಲಿ ಮತಕ್ಕೆ ಹಾಕಲಾಯಿತು. ಪರ 142, ವಿರುದ್ಧ 10, ತಟಸ್ಥ 12. ಭಾರತ ಪರವಾಗಿ ಮತ ಹಾಕಿತು. ಭಾರತದ ವಿದೇಶಾಂಗ ನೀತಿಯ ದೃಷ್ಟಿಯಿಂದ ಇದು ಖಾಲಿ ಕುರ್ಚಿಗಳಿಗಿಂತ ದೊಡ್ಡ ಸುದ್ದಿ. ಆದರೆ ಸಂಜೆಯ ಚರ್ಚೆಗಳಲ್ಲಿ ಕಿರುಚಾಡುವುದಕ್ಕೆ ಅಂಕಿ ಅಂಶ ಅಷ್ಟಾಗಿ ಒದಗುವುದಿಲ್ಲ.

ಹೊರದೇಶದ ವಿವಾದಾತ್ಮಕ ನಾಯಕನೊಬ್ಬ ಅಂತರರಾಷ್ಟ್ರೀಯ ವೇದಿಕೆಯಲ್ಲಿ ಮಾತಾಡಿದಾಗಲೆಲ್ಲ ಜಗತ್ತು ಅಂದಿನ ಗದ್ದಲವನ್ನೇ ಜನಮತ ಎಂದು ಓದಿಕೊಳ್ಳುತ್ತದೆ. ಯಾರು ನಕ್ಕರು, ಯಾರು ಎದ್ದು ಹೋದರು, ಯಾರ ಚಪ್ಪಾಳೆ ಎಷ್ಟು ಹೊತ್ತು ಮೊಳಗಿತು ಎಂಬುದೇ ತಲೆಬರಹ. ಈ ಓದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ವೆನೆಜುವೆಲಾದ ಅಧ್ಯಕ್ಷರಾಗಿದ್ದ ಊಗೊ ಚಾವೆಸ್ ಅವರ 2006ರ ಭಾಷಣಕ್ಕಿಂತ ಒಳ್ಳೆಯ ಪಾಠವಿಲ್ಲ.

ಆ ವರ್ಷದ ಸೆಪ್ಟೆಂಬರ್ 19ರಂದು ಸಾಮಾನ್ಯ ಸಭೆಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಮಾತಾಡಿ ಹೋಗಿದ್ದರು. ಮರುದಿನ ಅದೇ ಜಾಗದಲ್ಲಿ ನಿಂತ ಚಾವೆಸ್ ಮೊದಲು ಕೈಯಲ್ಲೊಂದು ಪುಸ್ತಕ ಎತ್ತಿ ಹಿಡಿದರು. ನೋಮ್ ಚಾಮ್‌ಸ್ಕಿ ಬರೆದ, ಅಮೆರಿಕದ ಯಜಮಾನಿಕೆಯನ್ನು ಟೀಕಿಸುವ ಪುಸ್ತಕ ಅದು. ಅಮೆರಿಕದ ಜನ ಇದನ್ನು ಓದಬೇಕು ಎಂದರು. ಆಮೇಲೆ, ನಿನ್ನೆ ಇಲ್ಲಿಗೆ ಸೈತಾನ ಬಂದಿದ್ದ, ಇನ್ನೂ ಗಂಧಕದ ವಾಸನೆ ಹೋಗಿಲ್ಲ ಎಂದು ಹೇಳಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಕೈ ಜೋಡಿಸಿ ಮೇಲೆ ನೋಡಿದರು. ಸಭೆಯಲ್ಲಿ ನಗು, ಚಪ್ಪಾಳೆ. ಅಮೆರಿಕದ ಆಸನದಲ್ಲಿ ಇದ್ದದ್ದು ಟಿಪ್ಪಣಿ ಬರೆದುಕೊಳ್ಳುವ ಒಬ್ಬ ಕಿರಿಯ ಅಧಿಕಾರಿ. ಭಾಷಣ ಮುಗಿದಾಗ ಬಿದ್ದ ಚಪ್ಪಾಳೆ ಸಣ್ಣದಲ್ಲ. ಇರಾಕ್ ಯುದ್ಧದಿಂದ ಬೇಸತ್ತಿದ್ದ ಅನೇಕ ದೇಶಗಳಿಗೆ, ತಾವು ಬಾಯಿಬಿಟ್ಟು ಹೇಳಲಾಗದ್ದನ್ನು ಈತ ಹೇಳಿದನಲ್ಲ ಎಂಬ ಖುಷಿ ಇತ್ತು. ಚಾಮ್‌ಸ್ಕಿ ಪುಸ್ತಕ ಕೆಲವೇ ದಿನಗಳಲ್ಲಿ ಅಮೆಜಾನ್ ಮಾರಾಟ ಪಟ್ಟಿಯ ತುದಿಗೇರಿತು. ಆ ಭಾಷಣದಿಂದ ನೇರ ಲಾಭ ಪಡೆದವರು ಬಹುಶಃ ಪ್ರಕಾಶಕರೊಬ್ಬರೇ.

ಅಮೆರಿಕದೊಳಗೆ ಆದದ್ದು ಇನ್ನೂ ಸ್ವಾರಸ್ಯ. ಬುಷ್ ಜನಪ್ರಿಯತೆ ಆಗ ಕುಸಿದಿತ್ತು. ಅವರನ್ನು ಬೈಯುವುದರಲ್ಲಿ ಡೆಮಾಕ್ರಟಿಕ್ ಪಕ್ಷದವರು ಯಾರಿಗೂ ಕಮ್ಮಿ ಇರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಸಂಸದ ಚಾರ್ಲ್ಸ್ ರ‍್ಯಾಂಜೆಲ್ ಅಂಥವರಲ್ಲಿ ಮುಂಚೂಣಿಯವರು. ಅದೇ ರ‍್ಯಾಂಜೆಲ್, ನನ್ನ ದೇಶಕ್ಕೆ, ನನ್ನ ಕ್ಷೇತ್ರಕ್ಕೆ ಬಂದು ನನ್ನ ಅಧ್ಯಕ್ಷರನ್ನು ಹೀಗಳೆಯಬೇಡ ಎಂದು ಚಾವೆಸ್ ಮೇಲೆ ಹರಿಹಾಯ್ದರು. ಅದೇ ಪಕ್ಷದ ನಾಯಕಿ ನ್ಯಾನ್ಸಿ ಪೆಲೋಸಿ ಚಾವೆಸ್ ಅವರನ್ನು ರೌಡಿ ಎಂದು ಕರೆದರು. ಮನೆಯವರ ಜಗಳದಲ್ಲಿ ಪಕ್ಕದ ಮನೆಯವನು ಬಾಯಿ ಹಾಕಿದರೆ ಜಗಳವಾಡುತ್ತಿದ್ದವರೆಲ್ಲ ಒಂದಾಗಿ ಅವನ ಮೇಲೆ ಬೀಳುತ್ತಾರೆ. ವೆನೆಜುವೆಲಾದ ರಾಜಧಾನಿ ಕ್ಯಾರಕಾಸ್‌ನಿಂದ ಬಂದ ರಾಜಕಾರಣಿಗೆ ಇಷ್ಟು ತಿಳಿಯದೇ ಹೋಯಿತೇ? ತಿಳಿದಿತ್ತು ಎನ್ನುವುದೇ ಸರಿ. ವೆನೆಜುವೆಲಾದಲ್ಲಿ ಅದೇ ಡಿಸೆಂಬರಿನಲ್ಲಿ ಅಧ್ಯಕ್ಷೀಯ ಚುನಾವಣೆ ಇತ್ತು. ನ್ಯೂಯಾರ್ಕಿನ ಮೈಕು ಕ್ಯಾರಕಾಸ್‌ಗೂ ಕೇಳಿಸುತ್ತದೆ. ಆ ಚುನಾವಣೆಯನ್ನು ಅವರು ಭಾರಿ ಅಂತರದಿಂದ ಗೆದ್ದರು.

ಹಾರ್ಲೆಮ್‌ನ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಭಾಷಣದ ಮರುದಿನ ಚಾವೆಸ್ ಅಲ್ಲಿನ ಒಂದು ಚರ್ಚಿಗೆ ಹೋಗಿ, ಅಮೆರಿಕದ ಬಡವರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯನ್ನು ರಿಯಾಯಿತಿ ದರದಲ್ಲಿ ಕೊಡುವ ಯೋಜನೆ ವಿಸ್ತರಿಸುವುದಾಗಿ ಹೇಳಿದರು. ಎಣ್ಣೆ ಕೊಡುತ್ತಿದ್ದದ್ದು ವೆನೆಜುವೆಲಾ ಸರ್ಕಾರದ ಒಡೆತನದ ಸಿಟ್ಗೋ ಕಂಪನಿ. ಅಲಾಸ್ಕದ ಮೂಲನಿವಾಸಿ ಹಳ್ಳಿಗಳಿಗೆ ಅದು ಪುಕ್ಕಟೆಯಾಗಿಯೇ ಸಿಗುವುದಿತ್ತು, ಆದರೂ ಕೆಲವು ಹಳ್ಳಿಗಳು ನಮ್ಮ ಅಧ್ಯಕ್ಷರನ್ನು ಬೈದವನ ಎಣ್ಣೆ ನಮಗೆ ಬೇಡ ಎಂದವು. ಅಲಾಸ್ಕದ ಚಳಿಯಲ್ಲಿ ಪುಕ್ಕಟೆ ಎಣ್ಣೆ ಬಿಡುವುದೆಂದರೆ ಏನು ಎಂದು ಯೋಚಿಸಬೇಕು. ಸಭಾಂಗಣದಿಂದ ಎದ್ದು ಲಾಬಿಗೆ ಹೋಗಿ ಕಾಫಿ ಕುಡಿಯುವ ರಾಜತಾಂತ್ರಿಕನ ಸಭಾತ್ಯಾಗಕ್ಕೂ ಈ ನಿರಾಕರಣೆಗೂ ಹೋಲಿಕೆಯೇ ಇಲ್ಲ. ಉಳಿದ ಹಳ್ಳಿಗಳು ಎಣ್ಣೆ ಪಡೆದವು. ಅದನ್ನೂ ತಪ್ಪು ಎನ್ನಲಾಗದು. ಬಾಸ್ಟನ್ನಿನಲ್ಲಿ ಫೆನ್‌ವೇ ಬೇಸ್‌ಬಾಲ್ ಮೈದಾನದ ಹಿಂದೆ ಕಾಣುವ ಸಿಟ್ಗೋದ ದೊಡ್ಡ ದೀಪದ ಫಲಕ ಕಿತ್ತು ಅಲ್ಲಿ ರಾಷ್ಟ್ರಧ್ವಜ ಹಾಕಬೇಕು ಎಂದು ನಗರಪಾಲಿಕೆಯ ಸದಸ್ಯರೊಬ್ಬರು ಹೊರಟರು. ಫಲಕ ಬೀಳಲಿಲ್ಲ. ಸೆವೆನ್-ಇಲೆವೆನ್ ಅಂಗಡಿಗಳು ಸಿಟ್ಗೋ ಪೆಟ್ರೋಲ್ ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿದವು. ಆ ಒಪ್ಪಂದ ಹೇಗೂ ಮುಗಿಯುವುದರಲ್ಲಿತ್ತು, ಆದರೂ ಚಾವೆಸ್ ಮಾತಿನ ಬಗೆಗಿನ ಅಸಮಾಧಾನವನ್ನು ಹೇಳಿಕೆಯಲ್ಲಿ ಸೇರಿಸಲು ಕಂಪನಿ ಮರೆಯಲಿಲ್ಲ. ವ್ಯಾಪಾರಿಗೆ ದೇಶಭಕ್ತಿ ಇಷ್ಟು ಅಗ್ಗಕ್ಕೆ ಸಿಗುವುದು ಅಪರೂಪ.

ನಿಜವಾದ ಪರೀಕ್ಷೆ ಅಕ್ಟೋಬರ್ 16ರಂದು ಶುರುವಾಯಿತು. ಭದ್ರತಾ ಮಂಡಳಿಯಲ್ಲಿ ಲ್ಯಾಟಿನ್ ಅಮೆರಿಕಕ್ಕೆ ಮೀಸಲಾದ ಒಂದು ತಾತ್ಕಾಲಿಕ ಸ್ಥಾನ ಖಾಲಿಯಿತ್ತು. ವೆನೆಜುವೆಲಾ ಅದಕ್ಕಾಗಿ ತಿಂಗಳುಗಟ್ಟಲೆ ಓಡಾಡಿತ್ತು. ಎದುರಾಳಿ ಗ್ವಾಟೆಮಾಲಾ. ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು, ಮತದಾನ ಗುಪ್ತ. ಮೊದಲ ಸುತ್ತಿನಲ್ಲಿ ಗ್ವಾಟೆಮಾಲಾಕ್ಕೆ 109, ವೆನೆಜುವೆಲಾಕ್ಕೆ 76. ಆರನೇ ಸುತ್ತಿನಲ್ಲಿ ಇಬ್ಬರಿಗೂ ಸಮ ಸಮ 93 ಬಿದ್ದದ್ದು ಬಿಟ್ಟರೆ ಉಳಿದ ಸುತ್ತುಗಳಲ್ಲೆಲ್ಲ ಗ್ವಾಟೆಮಾಲಾವೇ ಮುಂದು. ಹೀಗೆ 47 ಸುತ್ತು ನಡೆದು ಎಲ್ಲರೂ ಸುಸ್ತಾದ ಮೇಲೆ ಇಬ್ಬರೂ ಹಿಂದೆ ಸರಿದರು. ನವೆಂಬರ್ 7ರಂದು 48ನೇ ಸುತ್ತಿನಲ್ಲಿ ಪನಾಮ ಆಯ್ಕೆಯಾಯಿತು. ಸೈತಾನನ ಮಾತೊಂದೇ ಇದಕ್ಕೆ ಕಾರಣ ಎನ್ನಲಾಗದು, ಗ್ವಾಟೆಮಾಲಾ ಪರ ಅಮೆರಿಕ ಬಹಳ ಮೊದಲೇ ಲಾಬಿ ಮಾಡುತ್ತಿತ್ತು. ಆದರೂ ಸೆಪ್ಟೆಂಬರ್ 20ರಂದು ಮೊಳಗಿದ್ದ ಚಪ್ಪಾಳೆ ಗುಪ್ತ ಮತಪೆಟ್ಟಿಗೆಯ ತನಕ ಬರಲಿಲ್ಲ ಎಂಬುದು ಎದ್ದು ಕಾಣುತ್ತದೆ. ವೇದಿಕೆಯ ಮೇಲೆ ಮಜಾ ಕೊಡುವವನನ್ನು ಎರಡು ವರ್ಷ ಮಂಡಳಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳಲು ಎಷ್ಟೋ ದೇಶಗಳಿಗೆ ಮನಸ್ಸಾಗಲಿಲ್ಲ.

ಸಭಾತ್ಯಾಗದ ಲೆಕ್ಕವೂ ಹೀಗೆಯೇ. ಇರಾನಿನ ಅಧ್ಯಕ್ಷರಾಗಿದ್ದ ಮಹಮೂದ್ ಅಹ್ಮದಿನೆಜಾದ್ ಭಾಷಣಕ್ಕೆ ನಿಂತರೆ ಪಾಶ್ಚಾತ್ಯ ದೇಶಗಳ ಪ್ರತಿನಿಧಿಗಳು ಏಳುವುದು ವಾರ್ಷಿಕ ವಾಡಿಕೆಯಾಗಿಬಿಟ್ಟಿತ್ತು. 2009ರ ಏಪ್ರಿಲ್‌ನಲ್ಲಿ ಜಿನೀವಾದ ಜನಾಂಗೀಯ ದ್ವೇಷ ವಿರೋಧಿ ಸಮ್ಮೇಳನದಲ್ಲಿ ಬಣ್ಣಬಣ್ಣದ ಕೂದಲ ಟೋಪನ್ ಹಾಕಿದ ಪ್ರತಿಭಟನಕಾರರು ಅವರತ್ತ ವಿದೂಷಕರ ಕೆಂಪು ಮೂಗು ಎಸೆದರು, ಯುರೋಪಿನವರು ಹೊರನಡೆದರು. 2010ರ ಸೆಪ್ಟೆಂಬರ್‌ನಲ್ಲಿ, 9/11 ದಾಳಿಯ ಹಿಂದೆ ಅಮೆರಿಕ ಸರ್ಕಾರದ ಒಳಗಿನವರದೇ ಕೈವಾಡ ಇತ್ತೆಂಬ ವಾದವನ್ನು ಅವರು ನ್ಯೂಯಾರ್ಕಿನಲ್ಲೇ ನಿಂತು ಎತ್ತಿದಾಗ ಮತ್ತೆ ಕುರ್ಚಿಗಳು ಖಾಲಿಯಾದವು. ಇರಾನಿಗೆ ನಿಜಕ್ಕೂ ಬಿಸಿ ಮುಟ್ಟಿಸಿದ್ದು ಅದಕ್ಕೆ ಮೂರು ತಿಂಗಳ ಹಿಂದೆ, ಜೂನ್ 9ರಂದು, ಭದ್ರತಾ ಮಂಡಳಿ 12 ಮತಗಳಿಂದ ಒಪ್ಪಿದ, ನಿರ್ಬಂಧ ಹೇರುವ 1929ನೇ ನಿರ್ಣಯ. ಆ ನಿರ್ಬಂಧಗಳನ್ನು ಬ್ರೆಜಿಲ್ ಮತ್ತು ಟರ್ಕಿ ವಿರೋಧಿಸಿದವು, ಲೆಬನಾನ್ ತಟಸ್ಥವಾಗಿತ್ತು. ಅದರ ವಿಡಿಯೊ ನೋಡಿ ಯಾರಿಗೂ ರೋಮಾಂಚನವಾಗದು.

ಎದ್ದು ಹೋಗದೆ ಕೂತು ಕೇಳಿದವರ ಪಾಡು ಯಾವಾಗಲೂ ಸುಖದ್ದಲ್ಲ ಎನ್ನುವುದನ್ನೂ ಒಪ್ಪಬೇಕು. 2009ರಲ್ಲಿ ಸಾಮಾನ್ಯ ಸಭೆಯಲ್ಲಿ ಲಿಬಿಯಾದ ನಾಯಕ ಗಡಾಫಿ 15 ನಿಮಿಷದ ಅವಧಿಯಲ್ಲಿ ಮಾತು ಶುರುಮಾಡಿ 96 ನಿಮಿಷ ಎಳೆದರು. ಅಂಥ ದಿನ ಸಭಾತ್ಯಾಗಕ್ಕೆ ರಾಜಕೀಯ ಕಾರಣವೇ ಬೇಕೆಂದಿಲ್ಲ.

ವಿರೋಧಿಸುವ ರೀತಿಯಲ್ಲೂ ತಾರತಮ್ಯವಿದೆ. 2007ರಲ್ಲಿ ಅಹ್ಮದಿನೆಜಾದ್ ಅವರನ್ನು ಕೊಲಂಬಿಯಾ ವಿಶ್ವವಿದ್ಯಾಲಯ ಮಾತಿಗೆ ಕರೆಯಿತು. ಕರೆದದ್ದು ಧೈರ್ಯದ ಕೆಲಸ, ಹೊರಗೆ ಭಾರಿ ಪ್ರತಿಭಟನೆ ಇತ್ತು. ಆದರೆ ವಿಶ್ವವಿದ್ಯಾಲಯದ ಅಧ್ಯಕ್ಷ ಲೀ ಬೊಲಿಂಜರ್ ಸ್ವಾಗತ ಭಾಷಣದಲ್ಲೇ ಅತಿಥಿಯನ್ನು ಕ್ಷುದ್ರ, ಕ್ರೂರ ಸರ್ವಾಧಿಕಾರಿಯ ಲಕ್ಷಣಗಳೆಲ್ಲ ಇರುವವರು ಎಂದು ಜರೆದರು. ಅತಿಥಿ ಬಾಯಿ ತೆರೆಯುವ ಮುನ್ನವೇ ಆತನಿಗೆ ಸಹಾನುಭೂತಿ ಸಿಕ್ಕಂತಾಯಿತು. ಇರಾನಿನ ಏಳು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಬೊಲಿಂಜರ್ ಅವರಿಗೆ ತಿರುಗಿ ಪ್ರಶ್ನೆಗಳ ಪತ್ರ ಬರೆದರು. ಆ ಸಭೆಯಲ್ಲಿ ಅಹ್ಮದಿನೆಜಾದ್ ನಿಜಕ್ಕೂ ನಗೆಪಾಟಲಾದದ್ದು ಸ್ವಂತ ಮಾತಿನಿಂದ: ನಿಮ್ಮ ದೇಶದಲ್ಲಿರುವಂತೆ ಇರಾನಿನಲ್ಲಿ ಸಲಿಂಗಿಗಳಿಲ್ಲ ಎಂದಾಗ ಸಭೆ ಗೊಳ್ಳೆಂದು ನಕ್ಕಿತು. ಬೊಲಿಂಜರ್ ಬೈಗುಳ ಮಾಡಲಾಗದ ಕೆಲಸವನ್ನು ಆ ನಗು ಮಾಡಿತು. 1960ರಲ್ಲಿ ಬ್ರಿಟನ್ ಪ್ರಧಾನಿ ಮ್ಯಾಕ್‌ಮಿಲನ್ ಭಾಷಣಕ್ಕೆ ಸೋವಿಯತ್ ನಾಯಕ ಕ್ರುಶ್ಚೇವ್ ಮೇಜು ಗುದ್ದಿ ಅಡ್ಡಿಪಡಿಸಿದಾಗ, ಅದನ್ನು ಅನುವಾದ ಮಾಡಿಸಿಕೊಟ್ಟರೆ ಒಳ್ಳೆಯದು ಎಂದಷ್ಟೇ ಹೇಳಿ ಅವರು ಮಾತು ಮುಂದುವರಿಸಿದರು. ಆರೂವರೆ ದಶಕದ ನಂತರವೂ ಜನ ನೆನೆಯುವ ಉತ್ತರ ಅದು.

ಮಾತಾಡುವವನನ್ನು ಬಾರದಂತೆ ತಡೆಯುವುದು ಎಲ್ಲಕ್ಕಿಂತ ದೊಡ್ಡ ದಡ್ಡತನ. 1988ರಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ಯಾಸರ್ ಅರಾಫತ್ ಅವರಿಗೆ ಅಮೆರಿಕ ವೀಸಾ ಕೊಡಲಿಲ್ಲ. ಸಾಮಾನ್ಯ ಸಭೆ 154 ಮತಗಳಿಂದ ತನ್ನ ಚರ್ಚೆಯನ್ನೇ ಜಿನೀವಾಕ್ಕೆ ಒಯ್ದಿತು. ವಿರುದ್ಧ ಬಿದ್ದದ್ದು ಎರಡೇ ಮತ, ಅಮೆರಿಕದ್ದು ಮತ್ತು ಇಸ್ರೇಲಿನದು. ಅರಾಫತ್ ಮಾತು ಕೇಳಲು ಇಡೀ ಜಗತ್ತು ಅಟ್ಲಾಂಟಿಕ್ ದಾಟಿತು. 2025ರಲ್ಲಿ ಪ್ಯಾಲೆಸ್ಟೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ಅವರಿಗೂ ವೀಸಾ ನಿರಾಕರಣೆಯಾಯಿತು, ಅವರು ವಿಡಿಯೊ ಮೂಲಕ ಮಾತಾಡಿದರು.

ಚಪ್ಪಾಳೆಯೂ ಮತವೂ ಒಟ್ಟಿಗೆ ಬಂದದ್ದೇ ಇಲ್ಲವೆ ಎಂದರೆ, ಇದೆ. ಅದೂ ಅರಾಫತ್ ಅವರದೇ. 1974ರ ನವೆಂಬರ್ 13ರಂದು ಅವರು ಮೊದಲ ಬಾರಿ ಬಂದಾಗ ನ್ಯೂಯಾರ್ಕ್ ಸಿಟ್ಟಿನಿಂದ ಕುದಿಯುತ್ತಿತ್ತು, ಸಭಾಂಗಣ ಎದ್ದು ನಿಂತು ಸ್ವಾಗತಿಸಿತು. ಒಂಬತ್ತು ದಿನಗಳಲ್ಲಿ ಅವರ ಸಂಘಟನೆಗೆ ವಿಶ್ವಸಂಸ್ಥೆಯಲ್ಲಿ ವೀಕ್ಷಕ ಸ್ಥಾನ ಸಿಕ್ಕಿತು. ಆದರೆ ಅಂದು ಮತಗಳು ಭಾಷಣಕ್ಕೆ ಮೊದಲೇ ಸಿದ್ಧವಿದ್ದವು. ಅದಿಲ್ಲದೆ ಮನಮಿಡಿಯುವ ಭಾಷಣದ ಗತಿ ಏನು ಎಂಬುದನ್ನು 1936ರ ಜೂನ್ 30ರಂದು ಜಿನೀವಾದ ರಾಷ್ಟ್ರಸಂಘದಲ್ಲಿ ಇಟಲಿ ಆಕ್ರಮಿಸಿದ್ದ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಕಂಡರು. ಗ್ಯಾಲರಿಯಲ್ಲಿದ್ದ, ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಕಡೆಯ ಪತ್ರಕರ್ತರು ಸಿಳ್ಳೆ ಹೊಡೆದರು, ಅವರನ್ನು ಹೊರದಬ್ಬಲಾಯಿತು. ಸಭೆಯ ಅನುಕಂಪವೆಲ್ಲ ಚಕ್ರವರ್ತಿಯ ಕಡೆಗಿತ್ತು. ಎರಡು ವಾರದೊಳಗೆ ಅದೇ ರಾಷ್ಟ್ರಸಂಘ ಇಟಲಿಯ ಮೇಲಿನ ನಿರ್ಬಂಧಗಳನ್ನು ತೆಗೆದುಹಾಕಲು ತೀರ್ಮಾನಿಸಿತು.

ನಮ್ಮವರು ಈ ಲೆಕ್ಕದ ಹೊರಗೇನೂ ಇಲ್ಲ. ಪಾಶ್ಚಾತ್ಯರ ಪಾಲಿಗೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ವಿ.ಕೆ. ಕೃಷ್ಣ ಮೆನನ್ ಅವರಷ್ಟು ಕಿರಿಕಿರಿಯ ವಿದೇಶಿ ಇನ್ನೊಬ್ಬರಿರಲಿಲ್ಲ. 1957ರ ಜನವರಿ 23 ಮತ್ತು 24ರಂದು ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಅವರು ಒಟ್ಟು ಸುಮಾರು 8 ಗಂಟೆ ಮಾತಾಡಿ ಕುಸಿದುಬಿದ್ದರು. ಭಾರತದ ಪತ್ರಿಕೆಗಳು ಅವರನ್ನು ಹೊತ್ತು ಮೆರೆದವು. ಕೆಲವೇ ವಾರಗಳಲ್ಲಿ ನಡೆದ ಮಹಾಚುನಾವಣೆಯಲ್ಲಿ ಉತ್ತರ ಮುಂಬೈ ಮತದಾರರು ಅವರನ್ನು ಲೋಕಸಭೆಗೆ ಕಳಿಸಿದರು. ಮಂಡಳಿ ಮಾತ್ರ ಜನವರಿ 24ರಂದೇ ಭಾರತಕ್ಕೆ ಒಪ್ಪಿಗೆಯಿಲ್ಲದ 122ನೇ ನಿರ್ಣಯವನ್ನು 10 ಮತಗಳಿಂದ ಅಂಗೀಕರಿಸಿತು. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ, ಮಿತ್ರನೆನಿಸಿದ್ದ ಸೋವಿಯತ್ ಒಕ್ಕೂಟ ಕೂಡ ತಟಸ್ಥ. ಕಾಶ್ಮೀರಕ್ಕೆ ವಿಶ್ವಸಂಸ್ಥೆಯ ಪಡೆ ಕಳಿಸುವ ಮಾತೆತ್ತಿದ್ದ ಮುಂದಿನ ಕರಡು ಬಿದ್ದುಹೋದದ್ದು ಫೆಬ್ರವರಿ 20ರಂದು, ಅದೇ ಸೋವಿಯತ್ ಪ್ರತಿನಿಧಿ ವಿಟೊ ಚಲಾಯಿಸಿದಾಗ. ಮೆನನ್ ಅವರ 8 ಗಂಟೆಯನ್ನು ಭಾರತ ಇಂದಿಗೂ ನೆನೆಯುತ್ತದೆ. ಆ ವಿಟೊ ಚಲಾಯಿಸಿದವರ ಹೆಸರು ಹೇಳಬಲ್ಲವರು ಇಲ್ಲಿ ಎಷ್ಟು ಮಂದಿ ಸಿಕ್ಕಾರು?