ಎಲ್ಲದಕ್ಕೂ ‘ಗ್ಯಾಸ್ಟ್ರಿಕ್’ ಅಂದ್ಬಿಟ್ರೆ ಹೇಗೆ?

ನಮ್ಮ ಉಡುಪಿ ಕಡೆ ಎಲ್ಲ ಕಾಯಿಲೆಗೂ ಒಂದೇ ಉತ್ತರ ಉಂಟು: “ಎಂತ ಇಲ್ಲ ಮಾರಾಯ್ರೆ, ಗ್ಯಾಸ್ಟ್ರಿಕ್ ಅಷ್ಟೆ!” ತಲೆನೋವು ಬಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ತಮಾಷೆ ಅಂದ್ರೆ, ಕಳೆದ ಮಳೆಗಾಲದಲ್ಲಿ ನಂಗೆ ನಿಜವಾಗಿಯೂ ಹೊಟ್ಟೆಯ ಆಮ್ಲ ಮೇಲೆ ಬರೋಕೆ ಶುರುವಾದಾಗ ಮನೆಯಲ್ಲಿ ಒಬ್ಬರಿಗೂ ಅದು ಹೊಳೀಲಿಲ್ಲ.

ಯಾಕಂದ್ರೆ ನಂಗೆ ಎದೆ ಉರಿ ಇರಲೇ ಇಲ್ಲ. ಇದ್ದಿದ್ದು ಕೆಮ್ಮು. ಮಲಗಿದ ಅರ್ಧ ಗಂಟೆಗೆ ಒಣಕೆಮ್ಮು, ಬೆಳಿಗ್ಗೆ ಒಡೆದ ದನಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಥಂಡಿ ಅಂತ ಕಷಾಯ ಕುಡಿದೆ. ಎಸಿ ಗಾಳಿ ಅಂತ ಆಫೀಸಲ್ಲಿ ಸೀಟು ಬದಲಿಸಿದೆ. ಎರಡು ತಿಂಗಳು ಹೀಗೇ ಹೋಯ್ತು. ಕೊನೆಗೆ ವೈದ್ಯರು ಪರೀಕ್ಷೆ ಮಾಡಿ ಕೇಳಿದರು: “ಊಟ ಎಷ್ಟೊತ್ತಿಗೆ? ಮಲಗೋದು ಎಷ್ಟೊತ್ತಿಗೆ?” ಮಣಿಪಾಲದಲ್ಲಿ ಶಿಫ್ಟ್ ಮುಗಿಸಿ ಕಾಪುವಿನ ಮನೆ ತಲುಪುವಾಗ ರಾತ್ರಿ 10.30. ಊಟ 11ಕ್ಕೆ, ಹಾಸಿಗೆ 11.30ಕ್ಕೆ. ಅವರಿಗೆ ಅಷ್ಟು ಸಾಕಾಯ್ತು.

ಅನ್ನನಾಳ ಹೊಟ್ಟೆ ಸೇರುವಲ್ಲಿ ಬಳೆಯಂಥ ಒಂದು ಸ್ನಾಯು ಇದೆ. ನುಂಗಿದಾಗ ತೆರೆದು, ಮತ್ತೆ ಮುಚ್ಚಿಕೊಳ್ಳುವ ಬಾಗಿಲು ಅದು. ಬಾಗಿಲು ಸಡಿಲವಾದರೆ, ಅದರ ಮೇಲೆ ತುಂಬಿದ ಹೊಟ್ಟೆಯಲ್ಲಿ ಮಲಗಿಬಿಟ್ಟರೆ, ಆಮ್ಲ ಮೇಲಕ್ಕೆ ಬರುತ್ತೆ. ಹೊಟ್ಟೆಯ ಒಳಪದರ ಆಮ್ಲವನ್ನು ತಡೆದುಕೊಳ್ಳುತ್ತೆ, ಅನ್ನನಾಳ ತಡೆಯಲ್ಲ.

ಹಾಗಾದ್ರೆ ಗುರುತಿಸೋದು ಹೇಗೆ?

• ಎದೆಮೂಳೆಯ ಹಿಂದೆ ಉರಿ. ಊಟದ ನಂತರ, ಬಗ್ಗಿದಾಗ, ಮಲಗಿದಾಗ ಜಾಸ್ತಿ.
• ಹುಳಿತೇಗು, ಬಾಯಿಗೆ ಹುಳಿ ಅಥವಾ ಕಹಿ ನೀರು ಬರುವುದು.
• ರಾತ್ರಿಯ ಒಣಕೆಮ್ಮು, ಬೆಳಗಿನ ಗೊಗ್ಗರು ದನಿ, ಗಂಟಲಲ್ಲಿ ಗಂಟು ಇದ್ದ ಹಾಗೆ.
• ಬಾಯಿ ವಾಸನೆ, ಹಲ್ಲು ಜುಂ ಅನ್ನೋದು. ಅಸ್ತಮಾ ಇದ್ದವರಿಗೆ ಅದು ಹೆಚ್ಚಾಗಲೂಬಹುದು.

ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಹೀಗಾಗ್ತಾ ಇದ್ರೆ ವೈದ್ಯರಿಗೆ ತೋರಿಸಿ. ಮೆಡಿಕಲ್ ಶಾಪಿನ ಗೋಲಿಯಲ್ಲೇ ತಿಂಗಳುಗಟ್ಟಲೆ ದಿನ ದೂಡಬೇಡಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ವಾಂತಿಯಲ್ಲಿ ರಕ್ತ – ಇವುಗಳಲ್ಲಿ ಒಂದು ಕಂಡರೂ ಕಾಯಲೇಬೇಡಿ.

ಇದರ ಇನ್ನೊಂದು ಮುಖವನ್ನೂ ನಾನು ನೋಡಿದ್ದೇನೆ. ಕಾರ್ಕಳದ ಗೆಳತಿಯ ಅಪ್ಪನಿಗೆ ಗೊಮ್ಮಟಬೆಟ್ಟದ ಮೆಟ್ಟಿಲು ಹತ್ತುವಾಗ ಎದೆ ಬಿಗಿಯಿತು. ಕೂತಾಗ ಕಡಿಮೆಯಾಯ್ತು. “ಬೆಳಗ್ಗೆ ತಿಂದ ಬನ್ಸ್, ಗ್ಯಾಸ್ಟ್ರಿಕ್” ಅಂದ್ರು, ಸೋಡಾ ಕುಡಿದ್ರು. ರಾತ್ರಿ ಮೈಯೆಲ್ಲ ಬೆವರಿ, ಎಡಗೈ ಜಗ್ಗೋಕೆ ಶುರುವಾಯ್ತು. ಮಗಳು ಹಟ ಹಿಡಿದು ಕರೆದುಕೊಂಡು ಹೋಗಿದ್ದಕ್ಕೆ ಇವತ್ತು ನಮ್ಮ ಜೊತೆ ಇದ್ದಾರೆ. ಅದು ಹೃದಯಾಘಾತ.

ನಡೆದಾಗ, ಹತ್ತಿದಾಗ ಬರುವ ಬಿಗಿತ, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ಕಷ್ಟ – ಇದ್ಯಾವುದಕ್ಕೂ ಮನೆಯಲ್ಲಿ ಕೂತು ಗ್ಯಾಸ್ಟ್ರಿಕ್ ಅನ್ನಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಮಧುಮೇಹ ಇದ್ದವರಲ್ಲಿ, ಹೆಂಗಸರಲ್ಲಿ ಹೃದಯದ ತೊಂದರೆ ಬರೀ ಹೊಟ್ಟೆ ತೊಳಸಿದ ಹಾಗೆ, ಸುಸ್ತಾದ ಹಾಗೆ ಕಾಣಿಸಿಕೊಳ್ಳುವುದೂ ಉಂಟು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲೇ ವರದಿ ನೋಡುವ ವ್ಯವಸ್ಥೆ ಮಾಡಿದ್ದು ಸುಮ್ಮನೆ ಅಲ್ಲ. ಇಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ನನ್ನ ಕಥೆಗೆ ಬರ್ತೇನೆ. ವೈದ್ಯರು ಕೊಟ್ಟ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತಗೊಂಡೆ. ಊಟವನ್ನು ಆಫೀಸಿಗೇ ಡಬ್ಬಿಯಲ್ಲಿ ಒಯ್ದು 8 ಗಂಟೆಗೆ ಮುಗಿಸಿದೆ. ಊಟಕ್ಕೂ ನಿದ್ದೆಗೂ 3 ಗಂಟೆ ಅಂತರ ಸಿಕ್ತು. ಮಂಚದ ತಲೆಯ ಕಡೆ ಕಾಲುಗಳಿಗೆ ಅರ್ಧ ಅಡಿ ಎತ್ತರದ ಮರದ ತುಂಡು ಇಟ್ಟೆ. ಬರೀ ದಿಂಬು ಪೇರಿಸಿದ್ರೆ ಹೊಟ್ಟೆ ಮಡಚಿಕೊಳ್ಳುತ್ತೆ, ಅದು ಬೇಡ. ಎಡಮಗ್ಗುಲಲ್ಲಿ ಮಲಗಿದೆ. ತಂಪು ಅಂತ ಕುಡೀತಿದ್ದ ಪುನರ್ಪುಳಿ ಶರಬತ್ತು ಹುಳಿ ಅಲ್ವಾ, ನಂಗೆ ಆಗಿ ಬರಲಿಲ್ಲ, ಬಿಟ್ಟೆ. ಗೋಳಿಬಜೆ ಬಿಡಲಿಲ್ಲ. ಸಂಜೆ ಎರಡು ತಿಂತೇನೆ, ರಾತ್ರಿ ಮುಟ್ಟಲ್ಲ.

ಆರು ವಾರದಲ್ಲಿ ಕೆಮ್ಮು ಹೋಯ್ತು. ಈಗ ಮನೆಯಲ್ಲಿ ಯಾರಾದರೂ “ಗ್ಯಾಸ್ಟ್ರಿಕ್ ಅಷ್ಟೆ” ಅಂದ್ರೆ ನಾನು ತಿರುಗಿ ಕೇಳೋದು ಮೂರೇ ಪ್ರಶ್ನೆ: ಎಲ್ಲಿ? ಯಾವಾಗ? ಏನು ಮಾಡ್ತಾ ಇದ್ದಾಗ? ನೀವೂ ಕೇಳಿ ನೋಡಿ.